ಮಧುಗಿರಿ ಬಲಕ್ಕಿರಲಿ

ಶಿರಾ
11 ನವೆಂಬರ್ 2024

ದೊಡ್ಡಹನುಮಯ್ಯನಿಗೆ,

ಅಕ್ಷರದ ಗುರುತು ಹತ್ತಿದ ಕೂಡಲೇ ಹರಿದು ಹಾಕಬೇಡ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿ. ಹೋದ ವಾರ ಮೂರು ಸಲ ಫೋನ್ ಮಾಡಿದೆ. ನಾನು ಹಲೋ ಅಂದ ತಕ್ಷಣ ಮೂರು ಸಲವೂ ನೀನು ಕಟ್ ಮಾಡಿದೆ. ನಾಲ್ಕನೇ ಸಲ ರಿಂಗೇ ಆಗಲಿಲ್ಲ. ನಂಬರ್ ಬ್ಲಾಕ್ ಮಾಡಿದ್ದಾರೆ ಮಾವ ಎಂದು ಅಳಿಯ ಚೇತನ್ ಕುಮಾರ್ ಹೇಳಿದ. ಅಂಚೆಯವನನ್ನು ಬ್ಲಾಕ್ ಮಾಡಲು ನಿನ್ನಿಂದ ಆಗದು, ಅದಕ್ಕೇ ಈ ಕಾಗದ.

ನಾವು ಮಾತು ಬಿಟ್ಟು ಹದಿನಾಲ್ಕು ವರ್ಷವಾಯಿತು. ಇಷ್ಟು ವರ್ಷ ಇಲ್ಲದ್ದು ಈಗೇನು ಬಂತು ಎಂದು ನೀನು ಕೇಳುತ್ತೀಯ. ಹೇಳುತ್ತೇನೆ. ಮೊನ್ನೆ ನಾನು ಒಮಾನಿಗೆ ಹೋಗಿದ್ದೆ, ನಾವಿಬ್ಬರೂ ನೀರಿನ ಟ್ಯಾಂಕರ್ ಓಡಿಸಿದ ಆ ಮರಳುಗಾಡಿಗೆ. ಶಿರಾದಲ್ಲಿ ಕೂತುಕೊಂಡೇ ಹೋಗಿದ್ದೆ.

ನಮ್ಮ ಅಳಿಯನದು ಇಲ್ಲಿ ಮಸೀದಿಯ ಹತ್ತಿರ ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬವೋ, ಗೃಹಪ್ರವೇಶವೋ, ಶ್ರದ್ಧಾಂಜಲಿಯೋ, ಯಾರ ಮುಖವನ್ನು ಬೇಕಾದರೂ ಬಾಗಿಲಷ್ಟು ದೊಡ್ಡದು ಮಾಡಿ ಕೊಡುತ್ತಾನೆ. ಅದಕ್ಕೆಂದು ಭಾರೀ ಕಂಪ್ಯೂಟರ್ ಇಟ್ಟಿದ್ದಾನೆ. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಅಂಗಡಿ ಕಾಯುವವನು ನಾನು. ಆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಿದೆ. ಆಟ ಅಂದರೆ ಅವನಿಗೆ ಸಿಟ್ಟು, ಸಿಮ್ಯುಲೇಟರ್ ಅನ್ನಬೇಕಂತೆ. ಇಡೀ ಭೂಮಿ ಅದರೊಳಗಿದೆ. ನಾನು ಒಂದೆರಡು ದಿನ ತುಮಕೂರಿನ ಮೇಲೆ ಹಾರಿ, ಎರಡು ಸಲ ಶಿರಾ ಕೆರೆಗೆ ಬಿದ್ದು, ಬೇಜಾರಾಗಿ ಬಿಟ್ಟಿದ್ದೆ. ಒಂದು ದಿನ ಮಾತಿಗೆ ಮಾತು ಬಂದು ಒಮಾನ್ ತೋರಿಸಪ್ಪಾ ಎಂದೆ. ತೋರಿಸಿದ. ಬರೀ ಕಂದು ಬಣ್ಣ, ಸಗಣಿ ಸಾರಿಸಿದ ಅಂಗಳದ ಹಾಗೆ. ಇದಾ ನೀವು ಹೇಳೋ ಮರಳುಗಾಡು ಎಂದು ನಕ್ಕ. ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಅದಕ್ಕೆ ಬೇರೆಯಾಗಿ ಸೀನರಿ ಸಿಗುತ್ತದೆ ಎಂದ. ಮರಳುಗಾಡಿನ ಹುಚ್ಚು ಹಿಡಿದ ಯಾರೋ ಪುಣ್ಯಾತ್ಮರು ಉಪಗ್ರಹದ ಫೋಟೊ ಹೊದಿಸಿ, ಗುಡ್ಡಗಳ ಎತ್ತರ ತಗ್ಗು ಸರಿ ಮಾಡಿ ಇಟ್ಟಿರುತ್ತಾರಂತೆ. ಎರಡು ದಿನ ಡೌನ್‌ಲೋಡ್ ಮಾಡಿ ಅದನ್ನು ಸೇರಿಸಿದ.

ಆಮೇಲೆ ನೋಡಬೇಕಿತ್ತು ನೀನು. ಕೆಂಪು ಮರಳಿನ ಏರಿಗಳು ಕುಂಟೆ ಹೊಡೆದ ಹೊಲದ ಹಾಗೆ ಸಾಲು ಸಾಲಾಗಿ ಎದ್ದು ಬಂದವು. ಅವುಗಳ ನಡುವೆ ನಮ್ಮ ಗಟ್ಟಿ ಜಲ್ಲಿ ನೆಲ, ಒಣಗಿದ ಹಳ್ಳ, ಲಾರಿಗಳ ಗಾಲಿ ಗುರುತು ಸಹ. ಬೆಳಿಗ್ಗೆ ಆರರ ಬಿಸಿಲು ಇಟ್ಟುಕೊಂಡು ಹಾರಿದೆ, ಆಗ ನೆರಳು ಉದ್ದವಾಗಿ ಬಿದ್ದು ಏರು ತಗ್ಗು ಚೆನ್ನಾಗಿ ಕಾಣುತ್ತದೆ. ನೀರು ತುಂಬಿಸುತ್ತಿದ್ದ ಜಾಗದ ದುಂಡನೆ ತೊಟ್ಟಿಗಳು ಸಿಕ್ಕಿದವು. ಅಲ್ಲಿಂದ ನಮ್ಮ ದಾರಿಯ ಮೇಲೇ ಹೋದೆ. ಅರವತ್ತು ಕಿಲೋಮೀಟರ್ ಆದ ಮೇಲೆ ಬಲಕ್ಕೆ ನಮ್ಮ ಮಧುಗಿರಿ ನಿಂತಿತ್ತು. ನಾನು ಕೂಗಿಕೊಂಡೇ ಬಿಟ್ಟೆ. ಅಜ್ಜನ ಶ್ರದ್ಧಾಂಜಲಿ ಬರೆಸಲು ಬಂದಿದ್ದ ಒಬ್ಬರು, ನಾನು ಅವರ ಅಜ್ಜನಿಗಾಗಿ ಅಳುತ್ತಿದ್ದೇನೆ ಎಂದು ತಿಳಿದು ನನಗೇ ಸಮಾಧಾನ ಹೇಳಿದರು.

ಆ ಹೆಸರು ಇಟ್ಟವನು ನೀನು. ಒಂದೇ ಕಲ್ಲು, ಒಂದು ಕಡೆ ಕಡಿದ ಹಾಗೆ ನೆಟ್ಟಗೆ, ಇನ್ನೊಂದು ಕಡೆ ಆನೆ ಬೆನ್ನಿನ ಹಾಗೆ ಇಳಿಜಾರು, ಥೇಟ್ ನಮ್ಮ ಮಧುಗಿರಿ ಬೆಟ್ಟ ಎಂದೆ. ಅಂದಿನಿಂದ ಅದೇ ನಮ್ಮ ಗುರುತು. ಹೋಗುವಾಗ ಮಧುಗಿರಿ ಬಲಕ್ಕಿರಬೇಕು. ಎಡಕ್ಕೆ ಕಂಡರೆ ನಾವು ತಿರುಗಿದ್ದೇವೆ ಎಂದರ್ಥ.

2010ರ ಜುಲೈ ನಿನಗೆ ನೆನಪಿಲ್ಲದೆ ಇಲ್ಲ, ಆದರೂ ನನ್ನ ಬಾಯಲ್ಲಿ ಒಮ್ಮೆ ಕೇಳು. ನಾವು ನೀರು ಕೊಡುತ್ತಿದ್ದ ಎಣ್ಣೆ ಬಾವಿ ಕೊರೆಯುವ ರಿಗ್ ಅದೇ ವಾರ ಮುಂದಕ್ಕೆ ಹೋಗಿತ್ತು. ಮಧುಗಿರಿ ದಾಟಿ ನೆಟ್ಟಗೆ ಹೋಗಿ, ಕ್ಯಾಂಪು ಸಿಗುತ್ತದೆ ಎಂದಷ್ಟೇ ಹೇಳಿದ್ದರು. ನಮಗೆ ಆ ಕಡೆ ಮೊದಲನೇ ಸಲ. ಸ್ಟಿಯರಿಂಗ್ ನಿನ್ನ ಕೈಯಲ್ಲಿ, ನಾನು ಪಕ್ಕದಲ್ಲಿ. ಬಿರುಗಾಳಿ ಎದ್ದು ದಾರಿ ಅಳಿಸಿಹೋಯಿತು, ಸೂರ್ಯನೂ ಕಾಣಲಿಲ್ಲ. ಗಾಳಿ ಇಳಿದಾಗ ನೋಡಿದರೆ ಬೆಟ್ಟ ಎಡಕ್ಕಿತ್ತು. “ಲೇ ಹನುಮಾ, ನಿದ್ದೆಗಣ್ಣಲ್ಲಿ ಲಾರಿ ತಿರುಗಿಸ್ಬುಟ್ಟಿದೀಯ ಕಣ್ಲಾ,” ಎಂದೆ ನಾನು. ನೆಟ್ಟಗೇ ಬಂದಿದ್ದೇನೆ ಎಂದೆ ನೀನು. ಬೆಟ್ಟವನ್ನು ಬಲಕ್ಕೆ ತಂದುಕೋ ಎಂದು ನಾನು ಹಟ ಹಿಡಿದೆ. ಅದನ್ನು ಸುತ್ತಿ ಬರಲು ಹೋಗಿ ಹಿಂಬದಿಯ ಮೆತ್ತನೆ ಮರಳಿನಲ್ಲಿ ಆಕ್ಸಲ್ ಮಟ್ಟ ಹೂತುಕೊಂಡೆವು. ಎರಡು ದಿನ ನಮ್ಮ ಬೆನ್ನ ಹಿಂದೆ ಹನ್ನೆರಡು ಸಾವಿರ ಲೀಟರ್ ನೀರು, ಅತ್ತ ಕ್ಯಾಂಪಿನಲ್ಲಿ ನಲವತ್ತು ಜನಕ್ಕೆ ಕುಡಿಯಲು ನೀರಿಲ್ಲ. ಎರಡನೇ ದಿನ ರಾತ್ರಿ ಕಂಪನಿಯವರು ಹುಡುಕಿ ಬಂದು, ಕತ್ತಲಲ್ಲೇ ನಮ್ಮನ್ನು ಎಳೆದು ನೀರು ತುಂಬಿಸುವ ಜಾಗಕ್ಕೆ ವಾಪಸ್ಸು ತಂದರು, ಆಮೇಲೆ ಆ ದಾರಿಗೆ ನೀನೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ಈಗ ಕೇಳು. ಮೊನ್ನೆ ನಾನು ಮಧುಗಿರಿ ದಾಟಿ ಅದೇ ನೇರಕ್ಕೆ ಇನ್ನೂ ಹಾರಿದೆ. ಇಪ್ಪತ್ತೆರಡು ಕಿಲೋಮೀಟರ್ ಆಚೆ ಇನ್ನೊಂದು ಮಧುಗಿರಿ ಇದೆ, ದಾರಿಯ ಎಡಗಡೆ. ಅದೇ ಆಕಾರ, ಅದೇ ಆನೆ ಬೆನ್ನು. ಅಲ್ಲಿಂದ ಏಳು ಕಿಲೋಮೀಟರ್ ಮುಂದೆ ಬಿಳೀ ಚೌಕವೊಂದು ಕಾಣುತ್ತದೆ. ಅದು ರಿಗ್ ನಿಂತಿದ್ದ ಜಾಗ. ಬಿರುಗಾಳಿಯ ಒಳಗೆ ನಾವು ಮೊದಲನೆಯದನ್ನು ಕಾಣದೆ ದಾಟಿಬಿಟ್ಟಿದ್ದೆವು. ನೀನು ಲಾರಿ ತಿರುಗಿಸಿರಲೇ ಇಲ್ಲ. ನೆಟ್ಟಗೆ ಓಡಿಸಿದ್ದೆ. ತಪ್ಪು ಹೇಳಿದವನು ನಾನು.

ಇದನ್ನು ನಿನಗೆ ಹೇಳದೆ ಊಟ ಸೇರಲಿಲ್ಲ.

ನಿನ್ನ ಜೊತೆ ಒಂದೇ ಕ್ಯಾಬಿನ್‌ನಲ್ಲಿ ಆರು ವರ್ಷ ಕೂತವನು,
ಮೂಡಲಗಿರಿಯಪ್ಪ


ರಾಯಚರ್ಲು
2 ಡಿಸೆಂಬರ್ 2024

ಶ್ರೀ ಮೂಡಲಗಿರಿಯಪ್ಪನವರಿಗೆ,

ತಮ್ಮ ಕಾಗದ ತಲುಪಿತು. ಉತ್ತರ ಬರೆಯುವ ಇಷ್ಟವಿರಲಿಲ್ಲ. ಬಂದ ಕಾಗದಕ್ಕೆ ಉತ್ತರ ಬರೆಯದಿರುವುದು ಮರ್ಯಾದೆಯಲ್ಲ ಎಂದು ಮಗಳು ರಕ್ಷಾ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಅವಳು ಪಾವಗಡದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ.

ನಾನು ಈಗಲೂ ಟ್ಯಾಂಕರ್ರೇ ಓಡಿಸುವುದು. ನಮ್ಮೂರ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ನೀರಿನ ಗಾಡಿ. ಗಾಜು ಕಾಯುವ ಮೊದಲೇ ತೊಳೆದು ಮುಗಿಸಬೇಕು, ಬೆಳಿಗ್ಗೆ ಐದಕ್ಕೆ ಹೊರಡುತ್ತೇನೆ. ಸಾಲುಗಳ ಮಧ್ಯೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಪ್ರತಿ ಸಾಲಿಗೂ ನಂಬರ್ ಬರೆದಿದ್ದಾರೆ.

ತಮ್ಮ ಆಟದ ವಿಷಯ ರಕ್ಷಾಗೆ ಹೇಳಿದೆ. ಅವಳು ಎರಡು ಮಾತು ಹೇಳಿದಳು. ಒಂದು, ಮೇಲಿನಿಂದ ಕಂಡದ್ದೆಲ್ಲ ನಿಜವಲ್ಲ. ಫೋನಿನ ಮ್ಯಾಪಿನಲ್ಲಿ ನಮ್ಮ ಪಾರ್ಕನ್ನು ಮೇಲಿನಿಂದ ತೋರಿಸಿದಳು, ತುಂಬಿದ ಕೆರೆಯ ಹಾಗಿದೆ. ಪಾವಗಡದಲ್ಲಿ ಅಂಥ ಕೆರೆ ಇದ್ದಿದ್ದರೆ ನಾನು ಒಮಾನಿಗೆ ಯಾಕೆ ಬರುತ್ತಿದ್ದೆ? ಎರಡು, ಈ ಸೀನರಿ ಮಾಡುವವರು ಒಂದು ಕಲ್ಲುಗುಡ್ಡ ತಯಾರು ಮಾಡಿಕೊಂಡು ಅದನ್ನೇ ಹತ್ತು ಕಡೆ ಅಂಟಿಸುವುದುಂಟಂತೆ. ತಾವು ಕಂಡ ಎರಡನೇ ಮಧುಗಿರಿ ಅಂಥದ್ದೇ ಇರಬಹುದು.

ಒಂದು ಕೇಳುತ್ತೇನೆ, ಸುಮ್ಮನೆ ತಿಳಿದುಕೊಳ್ಳಲು. ನಾವು ಹೂತುಕೊಂಡಿದ್ದ ಎರಡು ದಿನವೂ ನನ್ನ ಕಣ್ಣೆದುರಿಗೆ ಬೆಟ್ಟದ ಬೆನ್ನಿನ ಮೇಲೆ ಒಂದು ಬಿಳೀ ಪಟ್ಟೆ ಇತ್ತು, ಸುಣ್ಣ ಬಳಿದು ಅರ್ಧಕ್ಕೆ ನಿಲ್ಲಿಸಿದ ಗೋಡೆಯ ಹಾಗೆ. ನಾವು ದಿನಾ ನೋಡುತ್ತಿದ್ದ ಮಧುಗಿರಿಯ ಬೆನ್ನು ಹೇಗಿತ್ತೋ ಗೊತ್ತಿಲ್ಲ, ದಾರಿ ಬಿಟ್ಟು ಅದರ ಹಿಂದೆ ಎಂದೂ ಹೋಗಿರಲಿಲ್ಲ. ತಮ್ಮ ವಿಮಾನಕ್ಕೆ ಬೆಟ್ಟದ ಹಿಂದೆ ಹೋಗಲು ಬರುತ್ತದೆಯೋ?

ಬರದಿದ್ದರೂ ನಷ್ಟವಿಲ್ಲ.

ಮರ್ಯಾದೆಗೆ ಬರೆದವನು,
ಟಿ. ದೊಡ್ಡಹನುಮಯ್ಯ


ಶಿರಾ
14 ಡಿಸೆಂಬರ್ 2024

ಹನುಮಯ್ಯ,

‘ತಾವು’ ಅಂದೆಯಲ್ಲ, ನಮ್ಮ ಮನೆಯವಳು ಓಬಳಮ್ಮ ಅದನ್ನು ಓದಿ ಬಿದ್ದು ಬಿದ್ದು ನಕ್ಕಳು. ನಿನ್ನ ಬಾಯಲ್ಲಿ ನನಗೆ ತಾವು. ಆದರೂ ಕಾಗದ ಬಂದದ್ದೇ ನನಗೆ ಸಂತೋಷ. ಇನ್ನೂ ನಾಲ್ಕು ಸಲ ‘ತಾವು’ ಅಂದರೂ ಬೇಜಾರಿಲ್ಲ.

ನಿನ್ನ ಮಗಳು ಜಾಣೆ. ಅವಳು ಹೇಳಿದ ಮೇಲೆ ರಾಯಚರ್ಲಿನ ಮೇಲೂ ಹಾರಿ ಬಂದೆ. ನಿಮ್ಮ ಪಾರ್ಕು ಕಂಪ್ಯೂಟರಿಗೂ ಕೆರೆಯೇ ಆಗಿಬಿಟ್ಟಿದೆ, ಅದರ ಮೇಲೆ ಸಣ್ಣ ಅಲೆ ಬೇರೆ ಏಳುತ್ತಿತ್ತು. ಒಂದೇ ಗುಡ್ಡವನ್ನು ಹತ್ತು ಕಡೆ ಅಂಟಿಸುವುದು ನಿಜ ಎಂದು ಅಳಿಯನೂ ಒಪ್ಪಿದ. ನಿನಗೆ ಅಷ್ಟು ಧೈರ್ಯವಾಗಿ ಬರೆದುಬಿಟ್ಟಿದ್ದೆನಲ್ಲ.

ಬೆಟ್ಟದ ಹಿಂದೆ ಹೋಗುವುದು ಸುಲಭವಲ್ಲ ಮಾರಾಯ. ಇದೇನು ಟ್ಯಾಂಕರ್ ಅಲ್ಲ, ಬ್ರೇಕು ಹಾಕಿ ಇಳಿದು ನೋಡಲು. ಒಂದೇ ಎಂಜಿನ್ನಿನ ಚಿಕ್ಕ ವಿಮಾನ. ನಿಧಾನ ಮಾಡಿದರೆ ಪೀಂ ಎಂದು ಅರಚಿ ಮೂತಿ ಕೆಳಗೆ ಮಾಡುತ್ತದೆ, ಜೋರಾಗಿ ಹೋದರೆ ಬೆಟ್ಟ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಾಗುತ್ತದೆ. ಮೊದಲನೇ ದಿನ ಮೂರು ಸಲ ಮರಳಿಗೆ ಗುದ್ದಿದೆ. ಎರಡನೇ ದಿನ ಅಳಿಯ ತಾನು ಓಡಿಸುತ್ತೇನೆ ಎಂದ, ಕೊಡಲಿಲ್ಲ. ಇದು ನಾನೇ ನೋಡಬೇಕಾದದ್ದು.

ಮೂರನೇ ದಿನ ನೆಲದಿಂದ ಆರುನೂರು ಅಡಿಯಲ್ಲಿ ಮೊದಲನೇ ಮಧುಗಿರಿಯನ್ನು ಸುತ್ತಿದೆ. ಬೆನ್ನೆಲ್ಲ ಕಪ್ಪು ಮಿಶ್ರಿತ ಕಂದು. ಬಿಳಿ ಎಂಬುದು ಒಂದು ಬೊಟ್ಟಿನಷ್ಟೂ ಇಲ್ಲ. ಆಮೇಲೆ ಎರಡನೆಯದರ ಹತ್ತಿರ ಹೋದೆ. ದಾರಿಯ ಕಡೆಯಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಒಂದೇ. ಹಿಂದಕ್ಕೆ ತಿರುಗಿಸಿದೆ. ಬುಡದಿಂದ ಅರ್ಧದ ತನಕ ಬಿಳೀ ಪಟ್ಟೆ ಇತ್ತು ಹನುಮಯ್ಯ, ನೀನು ಹೇಳಿದ ಹಾಗೇ, ಸುಣ್ಣ ಬಳಿದು ನಿಲ್ಲಿಸಿದ ಹಾಗೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ, ಆ ಎರಡು ದಿನ ನಾನು ಟವೆಲ್ ಹೊದ್ದು, ಯಾರಾದರೂ ಬಂದಾರೆಂದು ಹಿಂದಿನ ಗಾಲಿ ಗುರುತಿನ ಕಡೆಗೇ ನೋಡುತ್ತಾ ಕೂತಿದ್ದೆ.

ಅಂಟಿಸಿದ ಗುಡ್ಡವಾಗಿದ್ದರೆ ಎರಡಕ್ಕೂ ಒಂದೇ ಬೆನ್ನು ಇರಬೇಕಿತ್ತು. ಸೀನರಿ ಮಾಡಿದವರಿಗೆ ನಮ್ಮ ಬಿಳೀ ಪಟ್ಟೆಯ ವಿಷಯ ಯಾರು ಹೇಳಿದರು? ಎರಡು ಬೆಟ್ಟ ಇರುವುದು ನಿಜ. ನಾವು ಕೂತದ್ದು ಎರಡನೆಯದರ ಹಿಂದೆ. ನೀನು ನೆಟ್ಟಗೆ ಓಡಿಸಿದ್ದು ನಿಜ.

ಅಂಗಡಿ ಬಾಗಿಲು ಹಾಕಿ ಮನೆಗೆ ನಡೆದುಕೊಂಡೇ ಹೋದೆ. ತಲೆಯ ಮೇಲಿನ ಮೂಟೆ ಯಾರೋ ಇಳಿಸಿಕೊಂಡ ಹಾಗಿತ್ತು. ಒಂದು ದಿನ ಬಾ. ನಿನಗೂ ತೋರಿಸುತ್ತೇನೆ.

ನಿನ್ನ,
ಮೂಡಲಗಿರಿ


ಶಿರಾ
20 ಜನವರಿ 2025

ಹನುಮಯ್ಯ,

ಸಂಕ್ರಾಂತಿ ಕಳೆಯಿತು. ಕಾಗದ ಇಲ್ಲ. ಅಂಚೆಯ ಪ್ರಸನ್ನ ಕುಮಾರ್ ಈಗ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿ ಹೋಗುತ್ತಾನೆ. ಬಿಳೀ ಪಟ್ಟೆ ಸಿಕ್ಕಿತಲ್ಲ, ಇನ್ನೇನು ಉಳಿಯಿತು? ಮೈಗೆ ಹುಷಾರಿಲ್ಲವೇ? ರಕ್ಷಾ ಕೈಯಲ್ಲಾದರೂ ಒಂದು ಸಾಲು ಬರೆಸು.

ಕಾಯುತ್ತಿರುವ,
ಮೂಡಲಗಿರಿ


ರಾಯಚರ್ಲು
9 ಫೆಬ್ರವರಿ 2025

ಮೂಡಲಗಿರಿ,

ಮೈಗೆ ಏನೂ ಆಗಿಲ್ಲ. ನಿನ್ನ ಬಿಳೀ ಪಟ್ಟೆಯ ಕಾಗದ ಬಂದ ಮಾರನೇ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಅದು ಯಾಕೆ ಎಂಬುದು ಬೇರೆ ವಿಷಯ, ಈಗ ಬೇಡ.

ಇನ್ನೇನು ಉಳಿಯಿತು ಎಂದು ಕೇಳಿದೆ. ನಿನಗೆ ನಿಜವಾಗಿಯೂ ಗೊತ್ತಿಲ್ಲವೋ, ಗೊತ್ತಿದ್ದೂ ಬೆಟ್ಟದ ಸುತ್ತ ವಿಮಾನ ಸುತ್ತಿಸುತ್ತಿದ್ದೀಯೋ? ದಾರಿ ತಪ್ಪಿದ್ದಕ್ಕೆ ಯಾರಾದರೂ ಹದಿನಾಲ್ಕು ವರ್ಷ ಮಾತು ಬಿಡುತ್ತಾರೆಯೇ? ಮರಳುಗಾಡಿನಲ್ಲಿ ದಾರಿ ತಪ್ಪುತ್ತದೆ. ನಾನು ಮಾತು ಬಿಟ್ಟದ್ದು ಫೋರ್‌ಮನ್ ಕ್ಯಾಬಿನ್ನಿನಲ್ಲಿ ನೀನು ಸಹಿ ಹಾಕಿದ ಕಾಗದಕ್ಕೆ.

ಫೋರ್‌ಮನ್ ಮಾತಾಡುತ್ತಿದ್ದದ್ದು ಉರ್ದು, ನನಗೆ ಬರುತ್ತಿದ್ದದ್ದು ಕನ್ನಡ, ತೆಲುಗು. ನೀನು ಶಿರಾದವನು, ನಿನಗೆ ಉರ್ದು ಸಲೀಸು. ಆರು ವರ್ಷ ನನ್ನ ಪರವಾಗಿ ನೀನೇ ಮಾತಾಡಿದ್ದೆ. ರಜಾ ಕೇಳಲು, ಡಾಕ್ಟರಿಗೆ ಹೊಟ್ಟೆನೋವು ಹೇಳಲು, ಎಲ್ಲದಕ್ಕೂ. ಆವತ್ತು ನಿನ್ನನ್ನು ಒಳಗೆ ಕರೆದಾಗ ನನಗೆ ಧೈರ್ಯವೇ ಇತ್ತು. ಇಬ್ಬರ ಪರವಾಗಿ ಮಾತಾಡುತ್ತಾನೆ ಎಂದು ಹೊರಗೆ ಡ್ರಮ್ಮಿನ ಮೇಲೆ ಕೂತಿದ್ದೆ. ನೀನು ಬಾಗಿಲು ತೆಗೆದು ನನ್ನ ಮುಖ ನೋಡದೆ ಶೆಡ್ಡಿನ ಕಡೆ ಹೋದೆ. ಆಮೇಲೆ ಅಡುಗೆಮನೆಯ ಯುವರಾಜನನ್ನು ಕರೆಸಿ ನನಗೆ ತೆಲುಗಿನಲ್ಲಿ ಹೇಳಿಸಿದರು. “ಅನ್ನಾ, ನುವ್ವು ನಿದ್ರಪೋಯಿನಾವಂಟ,” ಎಂದ. ನಾನು ಮಲಗಿಬಿಟ್ಟೆನಂತೆ, ಲಾರಿ ತಿರುಗಿತಂತೆ, ಜೊತೆಗಾರನೇ ಬರೆದುಕೊಟ್ಟಿದ್ದಾನಂತೆ. ಅವನಿಗೇ ಹೇಳಲು ನಾಚಿಕೆಯಾಗುತ್ತಿತ್ತು.

ಹತ್ತು ದಿನದಲ್ಲಿ ನನ್ನನ್ನು ಊರಿಗೆ ಕಳಿಸಿದರು. ನೀನು ಇನ್ನೂ ಐದು ವರ್ಷ ಇದ್ದೆ. ನಮ್ಮನ್ನು ಒಮಾನಿಗೆ ಕಳಿಸಿದ್ದ ಏಜೆಂಟ್, ಕೊರಟಗೆರೆಯ ನಂದೀಶ್ವರಯ್ಯ ನನ್ನನ್ನು ಮತ್ತೆ ಎಲ್ಲಿಗೂ ಕಳಿಸಲಿಲ್ಲ. ಶಿರಾ ಸಂತೆಗೆ ಬಂದರೆ ನಿನ್ನ ಕಡೆಯವರು ನಿದ್ದೆ ಹನುಮಯ್ಯ ಬಂದ ಎಂದು ನಗುತ್ತಿದ್ದರು. ಸಂತೆಗೆ ಬರುವುದನ್ನೇ ಬಿಟ್ಟೆ.

ನಿನ್ನ ವಿಮಾನದಿಂದ ಆ ಕ್ಯಾಬಿನ್ ಕಾಣುತ್ತದೆಯೇನೋ ನೋಡು.

ದೊಡ್ಡಹನುಮಯ್ಯ


ಶಿರಾ
17 ಫೆಬ್ರವರಿ 2025

ಹನುಮಯ್ಯ,

ನಿನ್ನ ಕಾಗದ ಓದಿ ನಾಲ್ಕು ದಿನ ಅಂಗಡಿಯ ಕಡೆ ಹೋಗಲಿಲ್ಲ. ನೀನು ಹೇಳಿದ್ದು ಸರಿ. ನಾನು ಬೆಟ್ಟದ ಸುತ್ತಲೇ ಸುತ್ತುತ್ತಿದ್ದೆ. ಎರಡು ಬೆಟ್ಟ ಸಿಕ್ಕರೆ ಆ ಕಾಗದದ ಮಾತೇ ಬರುವುದಿಲ್ಲ ಎಂದು ಆಸೆ ಇತ್ತು.

ಸಹಿ ಹಾಕಿದ್ದು ನಾನು. ಯಾರೂ ಹೆದರಿಸಲಿಲ್ಲ, ಹೊಡೆಯಲಿಲ್ಲ. ಒಳಗೆ ಎ.ಸಿ. ತಣ್ಣಗಿತ್ತು. ಫೋರ್‌ಮನ್ ಕೂರಿಸಿ ಚಹಾ ಕೊಟ್ಟ, ಬಿಸ್ಕತ್ತು ಕೊಟ್ಟ. ನಲವತ್ತು ಜನ ನೀರಿಲ್ಲದೆ ಸಾಯುತ್ತಿದ್ದರು, ಇಬ್ಬರಲ್ಲಿ ಒಬ್ಬರು ಹೋಗಲೇಬೇಕು, ಯಾರ ತಪ್ಪು ಎಂದು ಕೇಳಿದ. ಚಹಾ ಇನ್ನೂ ಮುಗಿದಿರಲಿಲ್ಲ. ಹನುಮಯ್ಯ ಮಲಗಿಬಿಟ್ಟ ಎಂದೆ. ಎರಡೇ ಮಾತು ಉರ್ದುವಿನಲ್ಲಿ. ಅವನು ಬರೆದ, ಓದಿ ಹೇಳಿದ, ನಾನು ಸಹಿ ಹಾಕಿದೆ. ಮಗಳು ಬಿಂದುಶ್ರೀ ಆಗ ಒಂಬತ್ತನೇ ಕ್ಲಾಸು, ಅವಳ ಓದು ನಿಲ್ಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿನಗೂ ರಕ್ಷಾ ಇದ್ದಳು, ಅದು ಗೊತ್ತಿದ್ದೇ ಹಾಕಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀನು ಮಲಗಿದ್ದನ್ನು ನಾನು ನೋಡಿರಲಿಲ್ಲ. ಹೇಗೆ ನೋಡಲಿ? ಬಿರುಗಾಳಿ ಎದ್ದ ಕೂಡಲೇ ಟವೆಲ್ ಮುಖಕ್ಕೆ ಹಾಕಿಕೊಂಡು ಗೊರಕೆ ಹೊಡೆದವನು ನಾನು. ಲಾರಿ ಕುಲುಕಿದಾಗ ಎಚ್ಚರವಾಯಿತು, ಬೆಟ್ಟ ಎಡಕ್ಕೆ ಕಂಡಿತು, ನನ್ನ ನಿದ್ದೆಯನ್ನು ನಿನ್ನ ತಲೆಗೆ ಕಟ್ಟಿದೆ. ಊರಿಗೆ ಬಂದ ಮೇಲೂ ಅದನ್ನೇ ಹೇಳಿದೆ. ನೂರು ಸಲ ಹೇಳಿದ ಮೇಲೆ ನನಗೇ ಅರ್ಧ ನಂಬಿಕೆ ಬಂದುಬಿಟ್ಟಿತ್ತು.

ನಿನ್ನೆ ಓಬಳಮ್ಮನಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಹನುಮಣ್ಣ ಊರಿಗೆ ಬಂದಾಗ ನೀನು ಕೊಟ್ಟು ಕಳ್ಸಿದ್ದ ಖರ್ಜೂರದ ಡಬ್ಬಿ ಮನೆಗಂಟ ತಂದು ಕೊಟ್ಟಿತ್ತು. ಒಂದು ಮಾತು ನಿನ್ ಮ್ಯಾಲೆ ಹೇಳ್ನಿಲ್ಲ,” ಎಂದಳು. ಯುವರಾಜನ ಕೈಲಿ ನಿನಗೆ ಕೊಡಿಸಿದ್ದ ಆ ಡಬ್ಬಿಯನ್ನು ನೀನು ದಾರಿಯಲ್ಲಿ ಎಸೆದಿರುತ್ತೀಯ ಎಂದುಕೊಂಡು ನಾನು ಅವಳನ್ನು ಕೇಳಿಯೇ ಇರಲಿಲ್ಲ. ಆಗ ಅಳು ಬಂತು.

ಇವತ್ತು ಬೆಳಿಗ್ಗೆ ಬಸ್ಸು ಹತ್ತಿ ಕೊರಟಗೆರೆಗೆ ಹೋಗಿದ್ದೆ. ನಂದೀಶ್ವರಯ್ಯನಿಗೆ ಈಗ ಕಣ್ಣು ಮಂಜು, ನನ್ನ ದನಿಯಿಂದ ಗುರುತು ಹಿಡಿದರು. ಮಲಗಿದ್ದವನು ನಾನು, ಹನುಮಯ್ಯ ಅಲ್ಲ, ನಾನು ಸುಳ್ಳು ಬರೆದುಕೊಟ್ಟೆ ಎಂದು ಅವರ ಮಗನ ಎದುರಿಗೇ ಹೇಳಿದೆ. ಈಗ ಹೇಳಿ ಏನು ಬಂತಯ್ಯ ಎಂದರು. ಏನೂ ಬರಲಿಲ್ಲ, ನಿಜ. ವಾಪಸ್ಸು ಬಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ನಿನಗೆ ಆ ಹೆಸರಿಟ್ಟು ನಗುತ್ತಿದ್ದವರ ಎದುರಿಗೂ ಹೇಳಿದೆ. ಇನ್ನು ಮೇಲೆ ಆ ಹೆಸರು ನನಗಂತೆ. ಇರಲಿ.

ಕ್ಷಮಿಸು ಎಂದು ಬರೆಯಲು ಕೈ ಬರುವುದಿಲ್ಲ, ಅಷ್ಟು ಚಿಕ್ಕ ಮಾತು ಅದು. ಆದರೂ ಬರೆದಿದ್ದೇನೆ. ನೀನು ಉತ್ತರ ಬರೆಯದಿದ್ದರೆ ಮತ್ತೆ ಕೇಳುವುದಿಲ್ಲ.

ಮೂಡಲಗಿರಿ


ರಾಯಚರ್ಲು
5 ಮಾರ್ಚ್ 2025

ಲೇ ಮೂಡಲಗಿರಿ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹದಿನೈದು ದಿನ ಪ್ಯಾನೆಲ್ ತೊಳೆದೆ. ಓದುವುದು, ಮಡಚುವುದು. ಒಂದು ಸಲ ನೀರಿಗೆ ಬಿದ್ದು ನಿನ್ನ ಸಹಿ ಅಳಿಸಿಹೋಯಿತು. ಅಷ್ಟಾದರೂ ಅಳಿಸಿತಲ್ಲ ಎಂದು ನಗು ಬಂತು.

ನೀನು ಕೊರಟಗೆರೆಗೆ ಹೋಗಬಾರದಿತ್ತು. ಹೋಗುವ ಮೊದಲು ನನ್ನನ್ನು ಕೇಳಬೇಕಿತ್ತು. ಯಾಕೆ ಅಂತ ಹೇಳುತ್ತೇನೆ, ಕೂತುಕೊಂಡು ಓದು.

ನಾನು ಮಲಗಿದ್ದೆ.

ಹೌದು. ನೀನು ಟವೆಲ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದೆ. ಗಾಳಿ ಸ್ವಲ್ಪ ಇಳಿದಿತ್ತು, ಎದುರಿಗೆ ಏನೂ ಕಾಣದಿದ್ದರೂ ನೆಲ ಗಟ್ಟಿಯಿತ್ತು. ಸಣ್ಣ ಗೇರಿನಲ್ಲಿ ತೆವಳಿಸುತ್ತಿದ್ದೆ. ಬೆಳಗಿನ ಜಾವ ಎದ್ದವನು, ಎಂಜಿನ್ ಒಂದೇ ಸಮ ಜೋಗುಳ ಹಾಡುತ್ತಿತ್ತು. ಕಣ್ಣು ಮುಚ್ಚಿತು. ಐದು ನಿಮಿಷವೋ, ಅರ್ಧ ಗಂಟೆಯೋ, ಆ ದೇವರಿಗೇ ಗೊತ್ತು. ಕಣ್ಣು ಬಿಟ್ಟಾಗ ಬೆಟ್ಟ ಎಡಕ್ಕಿತ್ತು. ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ನಿನಗೆ ಎಚ್ಚರವಾದದ್ದು ಆ ಕುಲುಕಿಗೇ.

ನೆಟ್ಟಗೇ ಬಂದಿದ್ದೇನೆ ಎಂದು ನಾನು ಅಷ್ಟು ಜೋರಾಗಿ ಕೂಗಿದ್ದು ನನಗೇ ಗೊತ್ತಿಲ್ಲದ್ದರಿಂದ. ಒಳಗೆ ನಿನ್ನ ಮಾತನ್ನೇ ನಂಬಿದ್ದೆ. ಅದಕ್ಕೇ ನೀನು ಸುತ್ತು ಎಂದಾಗ ಸುತ್ತಿದೆ. ಯುವರಾಜ ತೆಲುಗಿನಲ್ಲಿ ಹೇಳಿದಾಗ ನಾನು ಎದುರು ಮಾತಾಡಲಿಲ್ಲ. ಭಾಷೆ ಬರಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ತೆಲುಗಿನಲ್ಲೇ ಹೇಳಬಹುದಿತ್ತಲ್ಲ, ಯುವರಾಜ ಎದುರಿಗೇ ಇದ್ದನಲ್ಲ. ಬಾಯಿ ಬರಲಿಲ್ಲ. ನೀನು ಸುಳ್ಳು ಹೇಳಿದೆ ಎಂದು ಸಿಟ್ಟು, ಅದು ನಿಜ ಎಂದು ಭಯ. ಯಾವುದು ಹೆಚ್ಚು ಎಂದು ನನಗೇ ತಿಳಿಯಲಿಲ್ಲ.

ಹದಿನಾಲ್ಕು ವರ್ಷ ಇದೇ ಲೆಕ್ಕಾಚಾರ. ನಾನು ನಿದ್ದೆಯಲ್ಲಿ ಸ್ಟಿಯರಿಂಗ್ ಎಳೆದೆನೋ? ನಲವತ್ತು ಜನರಲ್ಲಿ ಒಬ್ಬ ಸತ್ತಿದ್ದರೆ? ಹೆಂಡತಿಗೂ ಹೇಳಲಿಲ್ಲ, ರಕ್ಷಾಗೂ ಹೇಳಲಿಲ್ಲ. ಬಿಳೀ ಪಟ್ಟೆ ಎಲ್ಲಿದೆ ಎಂದು ನಾನು ಸುಮ್ಮನೆ ಕೇಳಿದ್ದಲ್ಲ. ಅದೊಂದರ ಮೇಲೆ ನನ್ನ ಬದುಕೇ ನಿಂತಿತ್ತು. ಎರಡನೇ ಬೆಟ್ಟಕ್ಕೆ ಮಾತ್ರ ಬಿಳೀ ಪಟ್ಟೆ ಎಂದು ನೀನು ಬರೆದೆಯಲ್ಲ, ಅದನ್ನು ಓದಿದ ಮಾರನೇ ದಿನ ನಾನು ಕೆಲಸಕ್ಕೆ ಹೋಗದೆ ಮನೆ ಹಿಂದಿನ ಬೇವಿನ ಮರದ ಕೆಳಗೆ ಮಲಗಿ ಸಂಜೆಯ ತನಕ ನಿದ್ದೆ ಮಾಡಿದೆ. ಅಷ್ಟು ಹಗುರಾಗಿ ನಿದ್ದೆ ಮಾಡಿ ಎಷ್ಟು ವರ್ಷವಾಗಿತ್ತೋ. ಮಲಗಿದ್ದರೂ ನಾನು ನೆಟ್ಟಗೇ ಓಡಿಸಿದ್ದೆ.

ನೀನು ಮಾಡಿದ್ದು ತಪ್ಪೇ. ನೋಡದ್ದನ್ನು ನೋಡಿದೆ ಎಂದೆ. ಅದು ಹೋಗುವುದಿಲ್ಲ. ಆದರೆ ನಾನು ಮಲಗಿದ್ದೂ ಮಲಗಿಲ್ಲ ಎಂದು ನಿನ್ನ ಮೇಲೆ ಇಷ್ಟು ವರ್ಷ ಹಲ್ಲು ಕಡಿದೆನಲ್ಲ, ಅದು ಏನು? ಈಗ ನೀನು ಇಡೀ ಶಿರಾಕ್ಕೆ ನಿದ್ದೆಯ ಹೆಸರು ಹೊತ್ತುಕೊಂಡು ತಿರುಗುತ್ತಿದ್ದೀಯ. ನಾಳೆ ನಾನೇ ನಂದೀಶ್ವರಯ್ಯನವರಿಗೆ ಫೋನ್ ಮಾಡಿ ಹೇಳುತ್ತೇನೆ. ಪಾಪ, ಆ ವಯಸ್ಸಿನಲ್ಲಿ ಅವರಿಗೆ ಇದೆಲ್ಲ ಬೇಕಿತ್ತೇ.

ಈಗ ಸಿಟ್ಟು ಮಾಡಿಕೊಳ್ಳುವ ಸರದಿ ನಿನ್ನದು. ಎಷ್ಟು ವರ್ಷ ಬೇಕೋ ಮಾಡು. ನನಗೆ ಅರವತ್ನಾಲ್ಕು, ಅದನ್ನು ನೋಡಿಕೊಂಡು ಲೆಕ್ಕ ಹಾಕು. ನಿನ್ನ ನಂಬರಿನ ಬ್ಲಾಕ್ ತೆಗೆಸಿದ್ದೇನೆ.

ನಿನ್ನ,
ಹನುಮ


ಶಿರಾ
11 ಮಾರ್ಚ್ 2025

ಹನುಮ,

ಫೋನ್ ಮಾಡಬಹುದಿತ್ತು, ಆದರೆ ಇದನ್ನು ಬಾಯಲ್ಲಿ ಹೇಳಲು ಹೋದರೆ ನಗು ಬಂದು ಮಾತು ನಿಲ್ಲುತ್ತದೆ. ಇದೊಂದು ಬರೆದುಬಿಡುತ್ತೇನೆ.

ನಿನ್ನ ಕಾಗದ ನಿನ್ನೆ, ಸೋಮವಾರ ಬಂತು. ಸೋಮವಾರ ಇಡೀ ನಿನ್ನ ಮೇಲೆ ಸಿಟ್ಟಾಗಿದ್ದೆ. ಹದಿನಾಲ್ಕು ವರ್ಷ ಸುಳ್ಳು ಹೇಳಿದೆ ಎಂದು ಕೊರಗಿದವನು ನಾನು, ಅದು ನಿಜವಾಗಿತ್ತಂತೆ. ಕೊರಟಗೆರೆಗೆ ಹೋಗಿ ನಿಜ ಹೇಳಿ ಬಂದೆ ಎಂದುಕೊಂಡರೆ ಅದು ಸುಳ್ಳಾಯಿತಂತೆ. ಮಧ್ಯಾಹ್ನ ಊಟ ಬಿಟ್ಟೆ. ಓಬಳಮ್ಮ ಬಾಗಿಲಲ್ಲಿ ನಿಂತು, “ಅದೇನು ಬೈಯ್ಕತೀಯೋ ಜೋರಾಗಿ ಬೈಯ್ಕೋ, ಅಂಗೇ ಒಳಗೇ ಕುದೀಬೇಡ,” ಎಂದಳು. ಜೋರಾಗಿ ಬೈದೆ. ಮಸೀದಿಯಲ್ಲಿ ಸಂಜೆಯ ಬಾಂಗು ಕೂಗುವಷ್ಟರಲ್ಲಿ ಬೈಗುಳ ಎಲ್ಲ ಮುಗಿದು, ಬೈಯಲು ಏನೂ ಉಳಿಯಲಿಲ್ಲ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಸಿಟ್ಟೂ ಇಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ ಎದೆ ಖಾಲಿ ಖಾಲಿಯಾಗಿ, ಹಾಯಾಗಿತ್ತು.

ಹಲ್ಲುಜ್ಜುತ್ತಾ ಇದ್ದಾಗ ಒಂದು ಹೊಳೆಯಿತು, ಬ್ರಷ್ ಬಾಯಲ್ಲಿಟ್ಟುಕೊಂಡೇ ನಕ್ಕೆ. ನೀನೂ ಮಲಗಿದ್ದೆ, ನಾನೂ ಮಲಗಿದ್ದೆ. ಇಬ್ಬರೂ ಮಲಗಿದ್ದಾಗ ಆ ಲಾರಿ ತಾನೇ ನೆಟ್ಟಗೆ ಕ್ಯಾಂಪಿನ ಕಡೆಗೇ ಹೋಗುತ್ತಿತ್ತು. ದಾರಿ ತಪ್ಪಿದ್ದು ನಮಗೆ ಎಚ್ಚರವಾದ ಮೇಲೆ.

ಭಾನುವಾರ ಮೊದಲನೇ ಬಸ್ಸಿಗೆ ಬರುತ್ತೇನೆ. ಓಬಳಮ್ಮನೂ ಬರುತ್ತಾಳೆ. ಮನೆ ಎಲ್ಲಿ ಎಂದು ರಾಯಚರ್ಲಿನಲ್ಲಿ ಯಾರನ್ನಾದರೂ ಕೇಳಿಕೊಳ್ಳುತ್ತೇವೆ. ನೀನು ಮಾತ್ರ ದಾರಿ ಹೇಳಬೇಡ.

ನಿನ್ನ,
ಮೂಡಲಗಿರಿ